ನಾಲಿಗೆಯಿಲ್ಲದ ರೋಗಿ

ಮನೆ ಒಡತಿ ಹೆಡ್ಮೇಡಂ ಅವರನ್ನು ಹಲ್ಲಿನ ಡಾಕ್ಟರು ಮೊದಲ ಸಲ ಸರಿಯಾಗಿ ಕಂಡದ್ದು ನೆಲಮಾಳಿಗೆಯಲ್ಲಿ. ಬಾಡಿಗೆ ಮನೆ ನೋಡಲು ಬಂದವರನ್ನು ಯಾರಾದರೂ ಮೊದಲು ಮನೆಯೊಳಗೆ ಕರೆದೊಯ್ಯುತ್ತಾರೆ. ಆಕೆ ಹಾಗೆ ಮಾಡಲಿಲ್ಲ. ಡಾಕ್ಟರನ್ನೂ ಅವರ ಹೆಂಡತಿಯನ್ನೂ ಗೇಟಿನಿಂದ ನೇರವಾಗಿ ಕಾರು ನಿಲ್ಲಿಸುವ ಜಾಗಕ್ಕೆ ಇಳಿಸಿಕೊಂಡು ಹೋದರು. ಇಸ್ತ್ರಿ ಮಾಡಿದ ಬೂದು ಬಣ್ಣದ ಉಡುಪು, ಮೂಗಿನ ತುದಿಯಲ್ಲಿ ಕನ್ನಡಕ, ಎಡಗೈಯಲ್ಲಿ ಬೀಗದ ಕೈಗಳ ಗೊಂಚಲು, ಬಲಗೈಯಲ್ಲಿ ಬಿಳಿ ಕರ್ಚೀಫು. ಶಾಲೆಯಿಂದ ನಿವೃತ್ತರಾಗಿದ್ದರೂ ಮುಖ ಮಾತ್ರ ಇನ್ನೂ ನಿವೃತ್ತಿ ಪಡೆದಿರಲಿಲ್ಲ. ಬಗ್ಗಿ ಕರ್ಚೀಫಿನಿಂದ ನೆಲವನ್ನು ಒರೆಸಿ, ಅದನ್ನು ಡಾಕ್ಟರ ಮೂಗಿನ ಹತ್ತಿರ ಹಿಡಿದರು.

“ಏನು ಕಾಣುತ್ತೆ?”

“ಏನೂ ಕಾಣ್ತಿಲ್ಲ ಮೇಡಂ.”

“ಹಾಗೇ ಇರಬೇಕು. ಇಲ್ಲಿ ಕಾರು ನಿಲ್ಲಬಹುದು, ರಿಪೇರಿ ಆಗಬಾರದು. ನಿಮಗಿಂತ ಮುಂಚೆ ಇದ್ದವರು ಇಲ್ಲೇ ಕೂತು ಸ್ಕೂಟರ್ ಬಿಚ್ಚಿದ್ರು. ಈಗ ಅವರಿಲ್ಲ.”

ಆ ಮಾತಿನ ಧಾಟಿಗೆ ಡಾಕ್ಟರು ಅಪರಿಚಿತ ಬಾಡಿಗೆದಾರರ ಆತ್ಮಕ್ಕೆ ಮನಸ್ಸಿನಲ್ಲೇ ಶಾಂತಿ ಕೋರಿದರು. ಅವರು ಮನೆ ಬಿಟ್ಟು ಹೋದರು ಎಂದಷ್ಟೇ ಅದರ ಅರ್ಥ ಎಂದು ಆಮೇಲೆ ತಿಳಿಯಿತು!

ಆದರೂ ಮನೆ ಹಿಡಿಯಲೇಬೇಕಾಯಿತು. ಡಾಕ್ಟರ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವಾಕೆ. ಆ ಮನೆಯ ಒಂದು ಕೋಣೆಗೆ ಗೋಡೆಯಷ್ಟಗಲದ ಕಿಟಕಿ ಇತ್ತು. ಅದರ ಬೆಳಕಿನಲ್ಲಿ ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿದರೂ ಹೊಲಿಗೆ ಕಾಣುತ್ತಿತ್ತು. ಹಿಂದಿನ ಮನೆಗಳಲ್ಲಿ ಪ್ರತಿ ಸಲ ಗಿರಾಕಿಗಳು ಕೂಡಿಕೊಳ್ಳುವಷ್ಟರಲ್ಲಿ ಮನೆ ಬದಲಾಗುತ್ತಿತ್ತು, ಗಿರಾಕಿಗಳು ಅಲ್ಲೇ ಉಳಿಯುತ್ತಿದ್ದರು. ಇಲ್ಲಿ ಇಡೀ ಕಟ್ಟಡವೇ ಅವಳ ಹತ್ತಿರ ಅಳತೆ ಕೊಡುತ್ತಿತ್ತು.

“ರೀ, ನೋಡಿ, ಈ ಕಿಟಕಿ ಬಿಟ್ಟು ನಾನು ಎಲ್ಲಿಗೂ ಬರೋದಿಲ್ಲ. ನಿಮ್ಮಿಂದ ಈ ಮನೆ ಹೋಯ್ತು ಅಂದ್ರೆ, ನೀವು ಹೋಗಿ, ನಾನು ಕಿಟಕಿ ಜೊತೆ ಇರ್ತೀನಿ,” ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದಳು.

ಹೀಗೆ ಎಲ್ಲವೂ ಸುಖವಾಗಿದ್ದಾಗ ಡಾಕ್ಟರ ಸ್ವಾಭಿಮಾನಕ್ಕೆ ಪೆಟ್ಟು ಬಿತ್ತು. ಕಾರನ್ನು ಸರ್ವೀಸಿಗೆ ಬಿಟ್ಟಾಗ, ಅದಕ್ಕೆ ಏನಾಗಿದೆ ಎಂದು ಕೇಳಿದ್ದಕ್ಕೆ ಗ್ಯಾರೇಜಿನವನು, “ಅದೆಲ್ಲಾ ನಿಮಗೆ ಅರ್ಥ ಆಗಲ್ಲ ಸಾರ್, ಸಂಜೆ ಬನ್ನಿ,” ಎಂದುಬಿಟ್ಟ. ಇದೇ ಮಾತನ್ನು ತಾವು ಕ್ಲಿನಿಕ್ಕಿನಲ್ಲಿ ದಿನವೂ ರೋಗಿಗಳಿಗೆ ಹೇಳುತ್ತಿದ್ದುದು ಡಾಕ್ಟರಿಗೆ ನೆನಪಾಗಲಿಲ್ಲ. ಮನೆಗೆ ಬಂದವರೇ ಎದೆಯುಬ್ಬಿಸಿ ಘೋಷಿಸಿದರು.

“ಇನ್ನು ಮುಂದೆ ನನ್ನ ಕಾರಿನ ಮೈ ಮುಟ್ಟೋದು ನಾನೊಬ್ಬನೇ! ಕತ್ತಲೆ ಬಾಯೊಳಗೆ, ನಾಲಿಗೆ ಅಡ್ಡ ಬರ್ತಾ ಇರುವಾಗ, ಕೂದಲೆಳೆ ಅಂತರದಲ್ಲಿ ಕೆಲಸ ಮಾಡೋ ಕೈ ಕಣೇ ಇದು. ಕಾರಿಗೆ ನಾಲಿಗೆ ಕೂಡ ಇಲ್ಲ!”

“ಇಲ್ಲದೇ ಇರೋದಕ್ಕೇ ಅದು ಸುಮ್ಮನೆ ನಿಂತಿದೆ. ಇದ್ದಿದ್ರೆ ಈಗಲೇ ಕಿರುಚ್ಕೋತಿತ್ತು,” ಎಂದಳು ಹೆಂಡತಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. “ಅಲ್ರೀ, ಹೆಡ್ಮೇಡಂ ಹೇಳಿದ್ದು ಮರೆತುಹೋಯ್ತಾ?”

“ಅವರು ಹೇಳಿದ್ದು ನೆಲಮಾಳಿಗೆಯಲ್ಲಿ ರಿಪೇರಿ ಮಾಡಬಾರದು ಅಂತ. ನಾನು ಮಾಡೋದು ಮನೇಲಿ!”

“ಕಾರನ್ನ ಲಿಫ್ಟಲ್ಲಿ ತರ್ತೀರಾ?”

“ಇಡಿಯಾಗಿ ಯಾಕೆ ತರಲಿ? ಬಿಡಿಬಿಡಿಯಾಗಿ ತರ್ತೀನಿ. ಕೆಳಗೆ ಬರೀ ಬಿಚ್ಚೋದು. ಬಿಚ್ಚೋದಕ್ಕೆ ರಿಪೇರಿ ಅಂತಾರೇನು?”

ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಈ ಬುದ್ಧಿ ಮಾತಾಡುವಾಗ ಹೆಂಡತಿಯ ಕೈಯಲ್ಲಿ ಕತ್ತರಿ ಇತ್ತು. ಅವಳು ಅದನ್ನು ಸಂಯಮದಿಂದ ಬಟ್ಟೆಗೇ ಬಳಸಿದಳು.

ಭಾನುವಾರ ಊಟವಾದ ಮೇಲೆ, ಹೆಡ್ಮೇಡಂ ನಿದ್ದೆ ಮಾಡುವ ಹೊತ್ತು ನೋಡಿಕೊಂಡು, ಡಾಕ್ಟರು ಕೆಳಗಿಳಿದರು. ಬಿಳಿ ಕೋಟು, ಮಾಸ್ಕು, ಕೈಗವಸು. ಕ್ಲಿನಿಕ್ಕಿನಿಂದ ತಂದ ಸ್ಟೀಲ್ ಟ್ರೇನಲ್ಲಿ ಕನ್ನಡಿ, ಚಿಮಟ, ಕೊಕ್ಕೆ, ಹತ್ತಿ. ಸ್ಪ್ಯಾನರ್‌ಗಳೂ ಅದೇ ಟ್ರೇನಲ್ಲಿ ಕುದಿಸಿದ ನೀರಿನಿಂದ ಶುದ್ಧವಾಗಿ ಕೂತಿದ್ದವು. ಬಾನೆಟ್ ಎತ್ತಿ, ಪುಟ್ಟ ಕನ್ನಡಿಯನ್ನು ಒಳಗಿಟ್ಟು ನೋಡಿ, “ಹೂಂ, ತುಂಬಾ ಪಾಚಿ ಕಟ್ಟಿದೆ,” ಎಂದು ಗೊಣಗಿದರು. “ಹೆದರಬೇಡಿ. ಸ್ವಲ್ಪ ಜುಂ ಅನ್ನಬಹುದು, ನೋವಾಗಲ್ಲ.” ಕಾರು ಹೆದರಲಿಲ್ಲ. ಗಾಳಿ ಸೋಸುವ ಫಿಲ್ಟರ್ ಹೊರಬಂತು. ಬ್ಯಾಟರಿ ಹೊರಬಂತು. ಅಡಿಯಲ್ಲಿ ಸೇರಿದ ಕಸ ತೆಗೆಯಬೇಕೆಂದು, ಡ್ರೈವರ್ ಪಕ್ಕದ ಸೀಟೂ ಹೊರಬಂತು!

ಬ್ಯಾಟರಿ ಯಾರ ಕಣ್ಣಿಗೂ ಬೀಳಬಾರದೆಂದು ಅದನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗವಚಿಕೊಂಡು ಲಿಫ್ಟ್ ಹತ್ತಿದರು. ಒಳಗೆ ಮೇಲಿನ ಮಹಡಿಯ ಅಜ್ಜಿ ಇದ್ದರು. ಅಜ್ಜಿಗೆ ಕಣ್ಣು ಮಂದ, ಪ್ರೀತಿ ಚುರುಕು.

“ಅಯ್ಯೋ, ಎಷ್ಟು ಚೆನ್ನಾಗಿ ನಿದ್ದೆ ಮಾಡ್ತಿದೆ! ಎಷ್ಟು ತಿಂಗಳಪ್ಪಾ?”

ಡಾಕ್ಟರಿಗೆ ಸುಳ್ಳು ಹೊಳೆಯಲಿಲ್ಲ. “ಮೂರು ವರ್ಷ ಆಯ್ತು ಅಜ್ಜಿ.”

“ಮೂರು ವರ್ಷಕ್ಕೆ ಇಷ್ಟೇನಾ! ಹೊಟ್ಟೆಗೆ ಏನು ಹಾಕ್ತೀರಿ?”

“ಆವಾಗಾವಾಗ ನೀರು ಹಾಕ್ತೀನಿ.”

“ಬರೀ ನೀರಾ? ಡಾಕ್ಟ್ರಾಗಿ ಹೀಗಾ ಸಾಕೋದು! ನಾಳೆ ನಿನ್ನ ಹೆಂಡತೀನ ನನ್ನ ಹತ್ತಿರ ಕಳಿಸು, ಬುದ್ಧಿ ಹೇಳ್ತೀನಿ.”

ಮನೆಯಲ್ಲಿ ಬ್ಯಾಟರಿ ಹೊಲಿಗೆ ಮೇಜಿನ ಮೇಲೆ ಕೂತಿತು. ಸೀಟು ಹಾಲಿನಲ್ಲಿ ಸೋಫಾಗೆ ಬೆನ್ನು ಕೊಟ್ಟು ನಿಂತಿತು. ಫಿಲ್ಟರನ್ನು ಬಾಲ್ಕನಿಗೆ ಒಯ್ದು ಡಾಕ್ಟರು ಅದರ ಒಂದೊಂದೇ ಮಡಿಕೆಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜತೊಡಗಿದರು. ಮೇಲಿನಿಂದ ಕೆಳಕ್ಕೆ. ಅಡ್ಡಡ್ಡ ಉಜ್ಜಿದರೆ ಒಸಡಿಗೆ ಒಳ್ಳೆಯದಲ್ಲ!

“ರೀ, ಅದು ಯಾರ ಬ್ರಷ್ಷು?”

“ಹೊಸದು ಕಣೇ.”

“ಹಸಿರು ಹಿಡಿಕೇದಾ?”

“ಹಸಿರೇ.”

“ಅದು ನಂದು!”

ಗಾಬರಿಯಲ್ಲಿ ಡಾಕ್ಟರು ಫಿಲ್ಟರನ್ನು ಬಾಲ್ಕನಿಯ ಕಂಬಿಗೆ ಪಟಪಟನೆ ಬಡಿದರು. ಊರಿನ ಎಲ್ಲ ರಸ್ತೆಗಳ ಧೂಳು ಆ ಫಿಲ್ಟರಿನಲ್ಲಿತ್ತು. ಅದು ಮೋಡವಾಗಿ ಹೊರಟು, ಗಾಳಿಯಲ್ಲಿ ಒಂದು ಸುತ್ತು ಹಾಕಿ, ಕೆಳಗಿನ ಬಾಲ್ಕನಿಯಲ್ಲಿ ಒಣಗುತ್ತಿದ್ದ ಹಾಲಿನಂಥ ಹಾಸುಬಟ್ಟೆಯ ಮೇಲೆ ಶಾಂತವಾಗಿ ಇಳಿಯಿತು. ಕೆಳಗಿನ ಮನೆ ಯಾರದು? ಹೆಡ್ಮೇಡಂ ಅವರದು!

ಕರೆಗಂಟೆ ಕೇಳಿ ಡಾಕ್ಟರು ಬ್ರಷ್ಷು ಹಿಡಿದುಕೊಂಡೇ ಹಾಲಿಗೆ ಓಡಿಬಂದರು. ಹೆಂಡತಿ ಗಿರಾಕಿಗಳ ಬಟ್ಟೆಯ ರಾಶಿಯನ್ನು ಬ್ಯಾಟರಿಯ ಮೇಲೆ ಸುರಿದು, ಹೂವಿನ ಪರದೆಯೊಂದನ್ನು ಸೀಟಿಗೆ ಹೊದಿಸಿ, ಮುಖಕ್ಕೆ ನಗು ತಂದುಕೊಂಡು ಬಾಗಿಲು ತೆರೆದಳು.

ಹೆಡ್ಮೇಡಂ ಒಳಗೆ ಬಂದು, ಕೈಯಲ್ಲಿದ್ದ ಹಾಸುಬಟ್ಟೆಯನ್ನು ಉತ್ತರಪತ್ರಿಕೆಯಂತೆ ಬಿಡಿಸಿ ತೋರಿಸಿದರು. “ಇದು ಬೆಳಿಗ್ಗೆ ಬಿಳಿ ಇತ್ತು.”

“ಗಾಳಿ ಮೇಡಂ... ಈಚೆಗೆ ಗಾಳಿ ಕೆಟ್ಟುಹೋಗಿದೆ,” ಎಂದರು ಡಾಕ್ಟರು. ಅಷ್ಟು ಮಾತ್ರ ಸತ್ಯ.

“ಕೂತು ಮಾತಾಡೋಣ,” ಎಂದು ಹೆಡ್ಮೇಡಂ ಪರದೆ ಹೊದ್ದ ಆಸನದ ಮೇಲೆಯೇ ಕೂತುಬಿಟ್ಟರು. ಒರಗಿ ನೋಡಿದರು. ಹುಬ್ಬು ಸಡಿಲಾಯಿತು. “ಚೆನ್ನಾಗಿದೆಯಲ್ಲ! ಹೊಸ ಕುರ್ಚಿನಾ?” ಕೈ ಇಡಲು ಜಾಗ ಹುಡುಕುತ್ತಾ ಪಕ್ಕಕ್ಕೆ ಕೈ ಹಾಕಿದರು. ಅಲ್ಲಿದ್ದದ್ದು ಸೀಟನ್ನು ಹಿಂದಕ್ಕೆ ಮಲಗಿಸುವ ಹಿಡಿ.

ಟಕ್!

ಒಂದು ಕಾಲದಲ್ಲಿ ಇಡೀ ಶಾಲೆಯನ್ನು ನೆಟ್ಟಗೆ ನಿಲ್ಲಿಸಿದ್ದ ಹೆಡ್ಮೇಡಂ ಚಾವಣಿ ನೋಡುತ್ತಾ ಅಂಗಾತ ಮಲಗಿದರು!

ಆಗ ಡಾಕ್ಟರು ಓಡಿ ಹೋಗಿ ಎತ್ತಬೇಕಿತ್ತು, ಕ್ಷಮೆ ಕೇಳಬೇಕಿತ್ತು. ಆದರೆ ಬಿಳಿ ಕೋಟು ತೊಟ್ಟು ನಿಂತಿರುವಾಗ ಎದುರಿಗೆ ಒಬ್ಬರು ಹೀಗೆ ಮಲಗಿದರೆ ಹಲ್ಲಿನ ಡಾಕ್ಟರ ಬಾಯಿ ತನ್ನ ಮಾಲೀಕನ ಮಾತನ್ನೇ ಕೇಳುವುದಿಲ್ಲ.

“ಬಾಯಿ ದೊಡ್ಡದಾಗಿ ತೆಗೀರಿ. ಆ... ಅನ್ನಿ.”

“ಆ...” ಅಂದರು ಹೆಡ್ಮೇಡಂ. ಡಾಕ್ಟರ ಮುಂದೆ ಯಾರಾದರೂ ಅನ್ನಲೇಬೇಕು!

“ದಿನಕ್ಕೆ ಎರಡು ಸಲ ಉಜ್ಜುತ್ತೀರಾ?”

“ಉಜ್ಜುತ್ತೀನಿ ಡಾಕ್ಟ್ರೇ,” ಎಂದವರು ಥಟ್ಟನೆ ಬಾಯಿ ಮುಚ್ಚಿದರು. “ಡಾಕ್ಟ್ರೇ! ನಾನು ಬಂದಿರೋದು ಬೈಯೋದಕ್ಕೆ!”

ಏಳಲು ಹೋದಾಗ ಸೊಂಟಕ್ಕೆ ಏನೋ ಚುಚ್ಚಿತು. ಪರದೆ ಸರಿಸಿ ನೋಡಿದರು. ಸೀಟ್‌ಬೆಲ್ಟ್ ಸಿಕ್ಕಿಸುವ ಕೊಂಡಿ! ಕನ್ನಡಕ ಏರಿಸಿಕೊಂಡು ಆ ಕೊಂಡಿಯನ್ನು, ಡಾಕ್ಟರ ಕೈಗವಸಿನ ಮಸಿಯನ್ನು, ಹಸಿರು ಬ್ರಷ್ಷನ್ನು ಒಂದಾದ ಮೇಲೊಂದು ನೋಡಿದರು.

“ಇದು ಕಾರಿನ ಸೀಟು.”

“ನೆಲಮಾಳಿಗೆಯಲ್ಲಿ ರಿಪೇರಿ ಮಾಡಬಾರದು ಅಂತ ನೀವೇ ಹೇಳಿದ್ರಿ ಮೇಡಂ. ನಿಮ್ಮ ಮಾತು ಮೀರಿಲ್ಲ...”

“ಎಷ್ಟು ಮಕ್ಕಳು ನನಗೆ ಇಂಥ ಉತ್ತರ ಕೊಟ್ಟಿದ್ದಾರೆ ಗೊತ್ತಾ? ಅವರೆಲ್ಲ ಬೆಂಚಿನ ಮೇಲೆ ನಿಂತಿದ್ರು.” ಹೆಡ್ಮೇಡಂ ಎದ್ದು ನಿಂತರು. “ಬಿಚ್ಚಿದ್ದನ್ನೆಲ್ಲ ಈಗಲೇ ಜೋಡಿಸಿ. ನನ್ನ ಕಣ್ಣೆದುರಿಗೆ ಕಾರು ಸ್ಟಾರ್ಟ್ ಆಗಬೇಕು. ಆಗಲಿಲ್ಲವೋ, ಮನೆ ಖಾಲಿ ಮಾಡಿ. ಕೆಟ್ಟು ನಿಂತ ಕಾರಿಗೆ ನಾನು ಜಾಗ ಕೊಡೋದಿಲ್ಲ.”

ಹೆಂಡತಿ ಒಮ್ಮೆ ಕಿಟಕಿಯ ಕಡೆ ನೋಡಿದಳು. ಆಮೇಲೆ ಗಂಡನ ಕಡೆ ನೋಡಿದಳು. ಎರಡು ನೋಟಕ್ಕೂ ತುಂಬಾ ವ್ಯತ್ಯಾಸವಿತ್ತು.

ಮೂವರೂ ಕೆಳಗಿಳಿದರು. ಹೆಡ್ಮೇಡಂ ಕೈಕಟ್ಟಿ ಪರೀಕ್ಷೆಯ ಮೇಲ್ವಿಚಾರಕಿಯಂತೆ ನಿಂತರು. ಡಾಕ್ಟರು ಸೀಟು ಕೂರಿಸಿದರು, ಫಿಲ್ಟರ್ ಇಟ್ಟು ಮುಚ್ಚಳ ಬಿಗಿದರು, ಬ್ಯಾಟರಿಗೆ ತಂತಿ ಸಿಕ್ಕಿಸಿದರು. ಒಂದು ಸ್ಕ್ರೂ ಕೂಡ ಮಿಗಲಿಲ್ಲ! ಗೆದ್ದ ಸೇನಾಪತಿಯಂತೆ ಕಾರು ಹತ್ತಿ ಕೀಲಿ ತಿರುಗಿಸಿದರು.

ಖೊರ್ರ್... ಖೊರ್ರ್... ಖಕ್. ಕಾರು ಒಮ್ಮೆ ಉಸಿರೆಳೆದುಕೊಂಡು ಸತ್ತಿತು. ಮತ್ತೆ ತಿರುಗಿಸಿದರು. ಮತ್ತೆ ಖಕ್.

“ಸ್ವಲ್ಪ ಮರಗಟ್ಟಿದೆ ಅನ್ಸುತ್ತೆ ಮೇಡಂ.”

“ಇಂಜೆಕ್ಷನ್ ಯಾರು ಕೊಟ್ರು?” ಎಂದರು ಹೆಡ್ಮೇಡಂ.

ಮತ್ತೊಂದು ಸಲ. ಖಕ್. ಡಾಕ್ಟರ ಬೆವರು ಸ್ಟೀರಿಂಗಿನ ಮೇಲೆ ಹನಿಯಿತು. ಹೆಂಡತಿಯ ಕಣ್ಣ ಮುಂದೆ ಆಗಲೇ ಟ್ರಂಕು, ಹಗ್ಗ, ಸಾಮಾನು ಸಾಗಿಸುವ ಲಾರಿ ಸಾಲಾಗಿ ನಿಂತಿದ್ದವು. ಅವಳು ಟ್ರೇ ನೋಡಿದಳು. ಊಟವಾದ ಮೇಲೆ ಮನೆಯಿಂದ ಹೊರಟಾಗ ತುಂಬಿದ್ದ ಹತ್ತಿಯ ಪೊಟ್ಟಣ ಬರಿದಾಗಿತ್ತು.

“ರೀ, ನನ್ನ ಮೇಲೆ ಆಣೆ ಇಟ್ಟು ಹೇಳಿ. ಹಲ್ಲು ಕಿತ್ತ ಮೇಲೆ ನೀವು ಏನು ಮಾಡ್ತೀರಿ?”

“ಇದೇನೇ ಈಗ? ಕಿತ್ತ ಜಾಗಕ್ಕೆ ಹತ್ತಿ ಇಟ್ಟು, ಅರ್ಧ ಗಂಟೆ ಕಚ್ಚಿಕೊಂಡಿರಿ ಅಂತ...”

ಡಾಕ್ಟರ ಮುಖ ಹತ್ತಿಗಿಂತ ಬೆಳ್ಳಗಾಯಿತು.

“ಫಿಲ್ಟರ್ ಕಿತ್ತ ಜಾಗಕ್ಕೆ ಏನಿಟ್ರಿ?”

“ಕೈ... ಕೈ ತಾನಾಗಿಯೇ ಇಟ್ಟುಬಿಟ್ಟಿತು ಕಣೇ! ನನಗೆ ಗೊತ್ತೇ ಆಗಲಿಲ್ಲ!”

ಹೆಂಡತಿ ಒಂದು ಕ್ಷಣವೂ ಕಾಯದೆ ಬಾನೆಟ್ ಎತ್ತಿ, ಸ್ಪ್ಯಾನರ್ ಎತ್ತಿಕೊಂಡು ಫಿಲ್ಟರಿನ ಪೆಟ್ಟಿಗೆ ಬಿಚ್ಚತೊಡಗಿದಳು. “ಈ ಸ್ಕ್ರೂ ಹಿಡ್ಕೊಳ್ಳಿ ಮೇಡಂ,” ಎಂದಳು. ಹೆಡ್ಮೇಡಂ ಹಿಡಿದುಕೊಂಡರು. “ಇದನ್ನ ಎತ್ತಿ ಹಿಡೀರಿ.” ಎತ್ತಿ ಹಿಡಿದರು. ಕಾರು ಉಸಿರಾಡುವ ಕೊಳವೆಯ ಬಾಯಿ ಕಂಡಿತು. ಬಾಯಿ ತುಂಬಾ ಹತ್ತಿ! ಹೆಂಡತಿ ಚಿಮಟದಿಂದ ಎಳೆದಳು. ಬಂತು, ಬಂತು, ಬರುತ್ತಲೇ ಇತ್ತು, ಜಾದೂಗಾರನ ಬಾಯಿಂದ ಬಟ್ಟೆ ಬಂದಂತೆ.

“ಇನ್ನೂ ಇದೆ, ಇನ್ನೂ ಇದೆ, ಬಿಡು, ನಾನು ಎಳೀತೀನಿ!” ಎಂದು ಹೆಡ್ಮೇಡಂ ತೋಳು ಮಡಚಿ ಕೊಳವೆಗೆ ಕೈ ತೂರಿಸಿದರು. ಕೊನೆಯ ಉಂಡೆ ಹೊರಬಂದಾಗ ಅವರ ಮೊಣಕೈವರೆಗೂ ಮಸಿ. ಅದನ್ನು ಇಸ್ತ್ರಿ ಮಾಡಿದ ತಮ್ಮ ಉಡುಪಿಗೇ ಒರೆಸಿಕೊಂಡರು. ಒರೆಸಿಕೊಂಡದ್ದು ಅವರಿಗೇ ತಿಳಿಯಲಿಲ್ಲ. “ಇದು ಏನು? ಈ ಕೊಳವೆ ಎಲ್ಲಿಗೆ ಹೋಗುತ್ತೆ? ಇದನ್ನ ತಿರುಗಿಸಿದ್ರೆ ಏನಾಗುತ್ತೆ?” ಎಂದು ಬಾನೆಟ್ಟಿನೊಳಕ್ಕೆ ಅರ್ಧ ಬಗ್ಗಿದರು.

ಎಲ್ಲವನ್ನೂ ಮುಚ್ಚಿ ಬಿಗಿದು ಹೆಂಡತಿಯೇ ಹತ್ತಿ ಕೀಲಿ ತಿರುಗಿಸಿದಳು. ಕಾರು ಒಂದೇ ಕೂಗಿಗೆ ಎದ್ದು ನೆಲಮಾಳಿಗೆ ನಡುಗುವಂತೆ ಗುಡುಗಿತು! ಹೆಡ್ಮೇಡಂ ಮಸಿಗೈಯಲ್ಲಿ ಚಪ್ಪಾಳೆ ತಟ್ಟಿದರು. ಆ ಮುಖ ನಗಬಲ್ಲುದು ಎಂಬುದು ಆ ಕಟ್ಟಡದಲ್ಲಿ ಅಂದಿನವರೆಗೆ ಯಾರಿಗೂ ಗೊತ್ತಿರಲಿಲ್ಲ.

ಹೆಂಡತಿ ಇಳಿದು ಬಂದು ಮೆಲ್ಲಗೆ ಕೇಳಿದಳು. “ಮನೆ... ಖಾಲಿ ಮಾಡಬೇಕಾ ಮೇಡಂ?”

“ನೀನು ಯಾಕಮ್ಮಾ ಖಾಲಿ ಮಾಡ್ತೀಯ?” ಹೆಡ್ಮೇಡಂ ತಮ್ಮ ಎರಡೂ ಅಂಗೈಗಳನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. “ಕೈ ಕೊಳೆ ಮಾಡ್ಕೋಬೇಡಿ ಅಂತ ಮಕ್ಕಳಿಗೆ ಹೇಳ್ತಾ ಹೇಳ್ತಾನೇ ವಯಸ್ಸಾಯ್ತು. ಇದರಲ್ಲಿ ಇಷ್ಟು ಮಜಾ ಇದೆ ಅಂತ ಒಂದು ಮಗುನೂ ನನಗೆ ಹೇಳಲಿಲ್ಲ ನೋಡು!”

“ಹಾಗಾದ್ರೆ ಇಲ್ಲೇ ರಿಪೇರಿ ಮಾಡಬಹುದಾ ಮೇಡಂ?” ಡಾಕ್ಟರು ಆಸೆಯಿಂದ ಮುಂದೆ ಬಂದರು.

“ಮಾಡಬಹುದು. ಆ ಹಾಸುಬಟ್ಟೆ ಹೇಗೂ ಹಾಳಾಗಿದೆ, ಕೆಳಗೆ ಹಾಸ್ಕೊಂಡ್ರೆ ಆಯ್ತು. ಆದ್ರೆ ಡಾಕ್ಟ್ರೇ, ನೀವು ಮುಟ್ಟಬಾರದು.”

ಈಗ ತಿಂಗಳಿಗೊಂದು ಭಾನುವಾರ ಹೆಡ್ಮೇಡಂ ಕಾರಿನ ಕೆಲಸ ಮಾಡುತ್ತಾರೆ. ಡಾಕ್ಟರ ಹೆಂಡತಿ ಜೊತೆಗೆ ನಿಂತು ಬಿಚ್ಚುತ್ತಾಳೆ, ಜೋಡಿಸುತ್ತಾಳೆ. ಡಾಕ್ಟರು ಟಾರ್ಚ್ ಹಿಡಿಯುತ್ತಾರೆ.