ಕಾಗುಣಿತ ತಪ್ಪಿದ ಪ್ರವಾಹ

“ಇವತ್ತಿನಿಂದ ಈ ಮನೇಲಿ ಸುದ್ದಿ ಅಂದ್ರೆ ಇದು ಹೇಳಿದ್ದೇ ಸುದ್ದಿ!” ಎಂದು ತಿದ್ದುಪಡಿ ರಾಯರು ಫೋನನ್ನು ಎತ್ತಿ ಹಿಡಿದು ಘೋಷಿಸಿದರು. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿ ಆ ಅಡ್ಡಹೆಸರು ಗಳಿಸಿದವರು ಅವರು. ಫೋನಿನೊಳಗಿನ ಹೊಸ ಎಐ ಬರೆದ ಕನ್ನಡದಲ್ಲಿ ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ. ರಾಯರು ಅಲ್ಲಿಗೇ ಶರಣಾದರು!

ಮೂರು ದಿನದಿಂದ ಜಡಿಮಳೆ. ಆ ಮಧ್ಯಾಹ್ನ ಅಗ್ನಿಶಾಮಕ ದಳದಲ್ಲಿದ್ದ ಭಾವಮೈದುನನ ಸಂದೇಶ ಬಂತು: “ಭಾವ ಕೆರೆ ಎರಿ ಒಡದಿದೆ ನಿರು ಬರ್ತಾ ಇದೆ ಬೇಗಾ ಮೆಲೆ ಹೊಗಿ.”

“ಏಳ್ರೀ! ಅಮ್ಮನ್ನ ತಾರಸಿಗೆ ಹತ್ತಿಸ್ಬೇಕು. ಅವಳ ಮಂಡಿಗೆ ಒಂದೊಂದು ಮೆಟ್ಲೂ ಒಂದೊಂದು ಬೆಟ್ಟ!” ಹೆಂಡತಿ ಕೂಗಿದಳು.

“ಎರಿ ಅಂತೆ, ಎರಿ! ಒಂದು ಸಾಲಲ್ಲಿ ಆರು ತಪ್ಪು! ನೀರು ಅಂತ ಬರೆಯೋಕೆ ಬಾರದವನಿಗೆ ನೀರು ಬಂದಿದ್ದು ಹೇಗೆ ಗೊತ್ತಾಗುತ್ತೆ?”

“ಅವನು ಏರಿ ಹತ್ರ ನಿಂತ್ಕೊಂಡು ಬರ್ದಿದಾನೆ ಕಣ್ರೀ! ಒದ್ದೆ ಕೈಯಲ್ಲಿ!”

ರಾಯರು ಫೋನನ್ನು ಕೇಳಿದರು. “ನಿಮ್ಮ ಬಡಾವಣೆಯ ಕೆರೆಯ ಏರಿ ಸುಭದ್ರವಾಗಿದೆ. ದಯವಿಟ್ಟು ವದಂತಿಗಳಿಗೆ ಕಿವಿಗೊಡಬೇಡಿ” ಎಂದಿತು ಅದು.

“ಕೇಳಿದ್ಯಾ? ಕಿವಿಗೊಡಬೇಡಿ! ಎಂಥಾ ಪ್ರಯೋಗ!”

ಕುರ್ಚಿಯಲ್ಲಿ ಇನ್ನಷ್ಟು ಗಟ್ಟಿಯಾಗಿ ಕೂತು, ಭಾವಮೈದುನನ ಸಂದೇಶವನ್ನು ಆರೂ ಕಡೆ ತಿದ್ದಿ ಅವನಿಗೇ ವಾಪಸು ಕಳಿಸಿದರು.

ಹೆಂಡತಿ ಹಲ್ಲು ಕಚ್ಚಿದಳು. ತಾಯಿಯನ್ನು ತೋಳಿಗೆ ಆನಿಸಿಕೊಂಡು ಹೊರಗಿನ ಮೆಟ್ಟಿಲು ಹತ್ತಿಸತೊಡಗಿದಳು. ಅವರು ಐದನೇ ಮೆಟ್ಟಿಲು ಮುಟ್ಟುವಷ್ಟರಲ್ಲಿ ಕೆಸರು ನೀರು ಬೀದಿಯ ಉದ್ದಕ್ಕೂ ಹರಿದುಬಂದು ಮನೆಯೊಳಕ್ಕೆ ನುಗ್ಗಿತು. ಚಪ್ಪಲಿಗಳು ನಡುಮನೆಗೆ ತೇಲಿಬಂದವು. ರಾಯರ ಕಣಕಾಲು ಮುಳುಗಿತು.

“ನೀರು ಬಂದಿದೆ!” ಎಂದು ಅವರು ಫೋನಿನ ಮೇಲೆ ರೇಗಿದರು.

“ಕ್ಷಮಿಸಿ, ನೀವು ಹೇಳಿದ್ದು ಸರಿ. ನಾನು ನೀಡಿದ್ದು ಕಳೆದ ವರ್ಷದ ಮಾಹಿತಿ. ನಿಮ್ಮ ಬಡಾವಣೆಗೆ ನೀರು ಬಂದಿದೆ.”

ಇದನ್ನು ಕೇಳಿದ ಹೆಂಡತಿ ಮೆಟ್ಟಿಲ ಮೇಲಿಂದಲೇ ಸಿಡಿದಳು. “ಸುದ್ದಿ ಅದು ನಿಮಗೆ ಹೇಳ್ಬೇಕೋ, ನೀವು ಅದಕ್ಕೆ ಹೇಳ್ಬೇಕೋ? ನನ್ನ ತಮ್ಮ ಪ್ರಾಣ ಪಣಕ್ಕಿಟ್ಟು ತಿಳಿಸಿದ್ರೆ ಇಲ್ಲಿ ದೀರ್ಘ ಹಾಕ್ತಾ ಕೂತಿದ್ರಲ್ಲ! ಅಮ್ಮ ಇನ್ನೂ ಅರ್ಧದಲ್ಲಿದಾಳೆ, ಬಂದು ಆ ಕಡೆ ಹಿಡೀರಿ!”

ರಾಯರು ಫೋನನ್ನು ಜೇಬಿಗೆ ತುರುಕಿದರು. ಮಂಡಿಯುದ್ದ ನೀರಿನಲ್ಲಿ ತಡವರಿಸುತ್ತ ಹೋಗಿ ಅತ್ತೆಯ ತೋಳು ಹಿಡಿದರು. ಮುದುಕಿಯ ಮೈ ಗಡಗಡ ನಡುಗುತ್ತಿತ್ತು. ಮೂವರೂ ಒಂದು ಮೆಟ್ಟಿಲು ಹತ್ತಿದರೆ ನೀರೂ ಒಂದು ಮೆಟ್ಟಿಲು ಹತ್ತುತ್ತಿತ್ತು. ‘ಇವರಿಗೇನಾದರೂ ಆಗಿದ್ದರೆ?’ ಎಂಬ ಯೋಚನೆ ಬಂದು ರಾಯರು ಅತ್ತೆಯ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು.

ತಾರಸಿ ಸೇರಿ ಅರ್ಧ ಗಂಟೆಯಾದ ಮೇಲೆ ರಬ್ಬರ್ ದೋಣಿ ಬಂತು. ಅದರಲ್ಲಿ ಭಾವಮೈದುನ: ಕಣ್ಣು ಕೆಂಪು, ದನಿ ಒಡೆದುಹೋಗಿದೆ, ತಲೆಯಿಂದ ಕಾಲಿನವರೆಗೆ ಕೆಸರು. ಸೆಳೆತಕ್ಕೆ ದೋಣಿ ಮೆಟ್ಟಿಲ ಪಕ್ಕ ನಿಲ್ಲಲೊಲ್ಲದು; ಅವನು ದೋಣಿಯ ಹಗ್ಗವನ್ನು ಎಸೆಯಲು ಕೈಗೆತ್ತಿಕೊಂಡ. ರಾಯರು ಎರಡು ಮೆಟ್ಟಿಲು ಇಳಿದು ಗಂಟಲು ಸರಿಮಾಡಿಕೊಂಡರು.

“ನೋಡಪ್ಪಾ, ವಿಷಯ ಏನಾಯ್ತು ಅಂದ್ರೆ...”

“ಭಾವ, ಬಾಯಿ ಮುಚ್ಚಿ, ಹಗ್ಗ ಹಿಡೀರಿ!”

ರಾಯರು ಎರಡನ್ನೂ ಮಾಡಿದರು. ಅವನು ಹೇಳಿದ ಕ್ರಮದಲ್ಲೇ.