ಮಾವನವರ ಸವಾರಿಗೆ ಹೊಸ ಪ್ಲೇಟು

"ನಿಮ್ಮಪ್ಪನ್ನ ಹೂವಿನ ಹಾಗೆ ಮನೆಗೆ ತರ್ತೀನಿ ನೋಡ್ತಿರು! ಹೊದ್ದ ಹೊದಿಕೆ ಕೂಡ ಅಲುಗಬಾರದು. ಅಲುಗಿದ್ರೆ ಈ ಕೈಯಲ್ಲಿ ಮತ್ತೆ ಉಳಿ ಹಿಡಿಯಲ್ಲ!"

ಅಳಿಯ ಮಹಾಶಯ ಈ ಭೀಷ್ಮಪ್ರತಿಜ್ಞೆಯನ್ನು ಕೈಗೊಂಡದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು. ಒಳಗೆ ಪಾತ್ರೆ ತೊಳೆಯುತ್ತಿದ್ದ ಹೆಂಡತಿ ತಿರುಗಿ ಸಹ ನೋಡಲಿಲ್ಲ.

"ಉಳಿ ಬಿಟ್ಟು ಹೊಟ್ಟೆಗೇನು ಮಾಡ್ತೀರಿ? ಪ್ರತಿಜ್ಞೆ ಆಮೇಲೆ. ಮೊದಲು ಗಾಡಿ ನೋಡಿ."

ಉಳಿ ಎಂದರೆ ಕಲ್ಲಿನ ಉಳಿ. ಅಳಿಯನ ಕಸುಬು ಸಮಾಧಿ ಕಲ್ಲು ಕೆತ್ತುವುದು. ಮನೆಯ ಪಕ್ಕದ ಅಂಗಳವೇ ಕಾರ್ಖಾನೆ. ಕಲ್ಲು ಸಾಗಿಸುವ ಪಿಕಪ್ ಮಾತ್ರ ಮಾವನವರದು. ಆಯುಷ್ಯವೆಲ್ಲ ಅದರ ಸ್ಟೀರಿಂಗ್ ಹಿಡಿದಿದ್ದ ಮಾವ, ಕೈ ನಡುಗಲು ಶುರುವಾದ ಮೇಲೆ ಅದನ್ನು ಅಳಿಯನಿಗೆ ಒಪ್ಪಿಸಿದ್ದರು. ಗಾಡಿ ಒಪ್ಪಿಸಿದರೇ ಹೊರತು ಬಾಯಿ ಒಪ್ಪಿಸಲಿಲ್ಲ! ಪಕ್ಕದ ಸೀಟಿನಲ್ಲಿ ಕೂತು ಒಂದು ಹಳ್ಳವನ್ನೂ ಸುಮ್ಮನೆ ದಾಟಿದವರಲ್ಲ.

"ಅಳಿಯಂದ್ರೇ, ಆ ಹಳ್ಳ ನಿಮಗೆ ಕಾಣಲಿಲ್ವೋ, ಇಲ್ಲಾ ನನ್ನ ಮೇಲಿನ ಪ್ರೀತಿಗೆ ಇಳಿಸಿದ್ರೋ?"

ಅಂಥ ಮಾವ ಈಗ ಆಸ್ಪತ್ರೆಯ ಮಂಚದಲ್ಲಿದ್ದರು. ಕಾಯಿಲೆ ಮೂಳೆಗೆ ಇಳಿದಿತ್ತು. ಇನ್ನು ನಾವು ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ, ಕಣ್ಣೆದುರು ಇರಲಿ ಎಂದುಬಿಟ್ಟಿದ್ದರು ಡಾಕ್ಟರು. ಜೊತೆಗೆ ಒಂದು ಎಚ್ಚರಿಕೆ: ದಾರಿಯಲ್ಲಿ ಕುಲುಕಾಟ ಕೂಡದು. ಮೂಳೆ ಸೀಮೆಸುಣ್ಣದಂತಾಗಿದೆ. ಜೋರಾಗಿ ಎತ್ತಿಹಾಕಿದರೆ ಮುರಿಯುತ್ತದೆ, ಆ ನೋವನ್ನು ಯಾವ ಮಾತ್ರೆಯೂ ತಡೆಯುವುದಿಲ್ಲ.

ಆಂಬುಲೆನ್ಸ್ ಎನ್ನುವ ಮಾತೆತ್ತಿದರೆ ಮಾವ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. "ನಿಮ್ಮತ್ತೆ ಆ ಗಾಡಿ ಹತ್ತಿದೋಳು ಮತ್ತೆ ಮನೆ ಹೊಸ್ತಿಲು ತುಳೀಲಿಲ್ಲ. ನಾನು ನನ್ನ ಗಾಡೀಲಿ ಬರ್ತೀನಿ, ನನ್ನ ಮನೇಲಿ ಸಾಯ್ತೀನಿ."

ಇಷ್ಟು ಹೇಳಿದ ಮೇಲೆ ಇನ್ನೇನಿದೆ? ಆದರೆ ಗಾಡಿಯ ಸ್ಥಿತಿ ಮಾವನ ಸ್ಥಿತಿಗಿಂತ ಮೇಲೇನೂ ಇರಲಿಲ್ಲ. ಹಿಂದಿನ ಚಕ್ರಗಳ ಮೇಲೆ ಕಮಾನಿನಂತೆ ಬಾಗಿ ಕೂತಿರಬೇಕಾದ ಉಕ್ಕಿನ ಪ್ಲೇಟುಗಳು ಕಲ್ಲು ಹೊತ್ತು ಹೊತ್ತು ಬೆನ್ನು ನೆಟ್ಟಗಾಗಿದ್ದವು. ಅವುಗಳ ತುದಿಯ ರಬ್ಬರ್ ಬುಷ್ಷುಗಳು ಸವೆದು ಚೂರಾಗಿದ್ದವು. ಸಣ್ಣ ಹಳ್ಳಕ್ಕಿಳಿದರೂ ಪಾತ್ರೆಯ ಕಪಾಟೇ ಬಿದ್ದಂಥ ಸದ್ದು!

ಬಿಡಿಭಾಗದ ಅಂಗಡಿಯವನು ಕೇಳಿದ್ದು ಒಂದೇ ಪ್ರಶ್ನೆ.

"ಏನು ಹೇರ್ತೀರಿ ಸ್ವಾಮಿ?"

"ಕಲ್ಲು," ಅಂದ ಅಳಿಯ. ಅಭ್ಯಾಸಬಲ!

"ಹಾಗಾದ್ರೆ ಹೆವಿ ಸೆಟ್ ತಗೊಳ್ಳಿ. ಎರಡು ಪ್ಲೇಟು ಜಾಸ್ತಿ ಇರುತ್ತೆ."

ಅಳಿಯನ ಹೃದಯ ಅರಳಿತು. ಒಂದು ಹಾಸಿಗೆಗಿಂತ ಎರಡು ಹಾಸಿಗೆ ಮೆತ್ತಗಲ್ಲವೇ? ಹಾಗೇ ಪ್ಲೇಟು ಹೆಚ್ಚಾದಷ್ಟೂ ಮಾವನಿಗೆ ಸುಖ ಹೆಚ್ಚು! ಇಂಥ ಸರಳ ಸತ್ಯ ಗಾಡಿ ಕಂಪನಿಯವರಿಗೆ ಯಾಕೆ ಹೊಳೆಯಲಿಲ್ಲವೋ ಎಂದು ಕನಿಕರಪಡುತ್ತಲೇ ಮನೆಗೆ ಬಂದ.

ಗಾಡಿಗೆ ಜಾಕ್ ಕೊಟ್ಟು ಅಡಿಗೆ ನುಗ್ಗಿದ್ದೇ ತಡ, ಕಣ್ಣಿಗೆ ತುಕ್ಕು ಸುರಿಯಿತು. ನಟ್ಟುಗಳು ಜಪ್ಪಯ್ಯ ಅಂದರೂ ಕದಲಲಿಲ್ಲ. ಸುತ್ತಿಗೆಯ ಏಟು ನಟ್ಟಿಗೆ ಒಂದು ಬಿದ್ದರೆ ಹೆಬ್ಬೆರಳಿಗೆ ಎರಡು ಬಿತ್ತು.

"ಮೆಕ್ಯಾನಿಕ್ ಕರೀಲಾ?" ಹೆಂಡತಿ ಬಗ್ಗಿ ಕೇಳಿದಳು.

"ಕಲ್ಲನ್ನೇ ಕಡಿಯೋನು ನಾನು. ಈ ಬೋಲ್ಟು ಯಾವ ಲೆಕ್ಕ!"

ಹಾಗೆಂದವನೇ ಕಲ್ಲು ಕೊಯ್ಯುವ ಗ್ರೈಂಡರ್ ತಂದು ಬೋಲ್ಟುಗಳ ಕತ್ತನ್ನೇ ಕತ್ತರಿಸಿ ಹಾಕಿದ. ಹಳೆಯ ಪ್ಲೇಟುಗಳು ಕಲ್ಲಿನ ಚೂರುಗಳ ರಾಶಿಗೆ ಬಿದ್ದವು. ಹೊಸವು ತಮ್ಮದೇ ಉದ್ದುದ್ದ ಬೋಲ್ಟುಗಳೊಂದಿಗೆ ಏರಿದವು. ಗಾಡಿಯ ಹಿಂಭಾಗ ಗರ್ವದಿಂದ ಮೇಲೆದ್ದು ನಿಂತಿತು. ಅಳಿಯನೂ ಸೊಂಟದ ಮೇಲೆ ಕೈಯಿಟ್ಟು ಹಾಗೇ ನಿಂತ.

ಮರುದಿನ ಬೆಳಗ್ಗೆ ಪರೀಕ್ಷೆ. ಹಿಂದೆ ಹಾಸಿಗೆ ಹಾಸಿ, ರೋಗಿಯ ಪಾತ್ರಕ್ಕೆ ಹೆಂಡತಿಯನ್ನೇ ಮಲಗಿಸಿ, ಹೊದಿಕೆ ಹೊದಿಸಿದ್ದಾಯಿತು. ಬೀದಿಯ ತುದಿಯಲ್ಲೊಂದು ಉಬ್ಬು. ಅಳಿಯ ಅದನ್ನು ನಿಧಾನವಾಗಿಯೇ ಹತ್ತಿಸಿದ. ಗಾಡಿ ಕತ್ತೆಯಂತೆ ಹಿಂದಿನಿಂದ ಝಾಡಿಸಿ ಒದೆಯಿತು!

ಪ್ರತಿಜ್ಞೆ ಒಂದರ್ಥದಲ್ಲಿ ನಡೆಯಿತು. ಹೊದಿಕೆ ಅಲುಗಲಿಲ್ಲ, ಹಾರಿತು. ಹಾರಿ ಬೀದಿಯ ಮೇಲೆ ಬಿತ್ತು. ಹೆಂಡತಿಯೂ ಮೇಲಕ್ಕೆ ಹಾರಿ, ಪುಣ್ಯಕ್ಕೆ ಹಾಸಿಗೆಯ ಮೇಲೇ ಬಿದ್ದಳು.

"ರೀ! ನಮ್ಮಪ್ಪನ್ನ ಮನೆಗೆ ತರೋಕೆ ಹೊರಟಿದ್ದೀರೋ, ನೇರ ಮೇಲಕ್ಕೇ ಕಳಿಸೋಕೋ?"

"ಹೊಸದಲ್ವಾ, ಸ್ವಲ್ಪ ಬಿಗಿ ಇರುತ್ತೆ ಕಣೇ..."

"ಗಟ್ಟಿಮುಟ್ಟಾಗಿರೋ ನನ್ನ ಸೊಂಟವೇ ಕಳಚಿಹೋಯ್ತು. ಅಪ್ಪನ ಮೂಳೆ ಏನಾಗ್ಬೇಕು?" ಅಂದವಳೇ ಹಾಸಿಗೆಯ ಮೇಲೆ ಕೂತು ಅತ್ತುಬಿಟ್ಟಳು. ಅಳಿಯ ಬೀದಿಯಿಂದ ಹೊದಿಕೆ ಎತ್ತಿಕೊಂಡು ಬಂದು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹೆಗಲ ಮೇಲೆ ಹಾಕಿಕೊಂಡು ನಿಂತ.

ಅದೇ ಹೊತ್ತಿಗೆ ಆಸ್ಪತ್ರೆಯಿಂದ ಫೋನು. ಮಂಚ ಬೇರೆಯವರಿಗೆ ಬೇಕು, ಮಧ್ಯಾಹ್ನದೊಳಗೆ ಕರೆದುಕೊಂಡು ಹೋಗಿ! ಹಳೆಯ ಪ್ಲೇಟು ಮತ್ತೆ ಹಾಕೋಣವೆಂದರೆ ಅದರ ಬೋಲ್ಟುಗಳ ಕತ್ತು ಕತ್ತರಿಸಿಯಾಗಿದೆ, ಹೊಸ ಸೆಟ್ಟಿನವು ಅದಕ್ಕೆ ಉದ್ದ. ಹೊಸ ಬೋಲ್ಟು ತಂದು ಬಿಗಿಯುವಷ್ಟರಲ್ಲಿ ಸಂಜೆಯಾಗುತ್ತದೆ. ಮಾವನ ಕೊನೆಯ ಆಸೆಗೆ ತಾನೇ ಕಲ್ಲು ಹಾಕಿದೆನಲ್ಲಾ ಎಂದು ಅಳಿಯ ತಲೆಯ ಮೇಲೆ ಕೈಹೊತ್ತು ಕೂತ.

ಕಣ್ಣೊರೆಸಿಕೊಂಡ ಹೆಂಡತಿ ಇದ್ದಕ್ಕಿದ್ದಂತೆ ಅಂದಳು: "ಚಿಕ್ಕೋಳಿದ್ದಾಗ ಅಪ್ಪನ ಜೊತೆ ಇದೇ ಗಾಡೀಲಿ ಹೋಗ್ತಿದ್ದೆ. ಹೋಗುವಾಗ ಹೇರು ತುಂಬಿರೋದು, ಹಾಯಾಗಿ ನಿದ್ದೆ ಬರೋದು. ಬರುವಾಗ ಖಾಲಿ, ವಾಂತಿ ಬರೋದು!"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಭಾರ! ಪ್ಲೇಟುಗಳು ಬಗ್ಗಬೇಕಾದರೆ ಮೇಲೆ ಭಾರ ಬೇಕು! ಆದರೆ ಈ ಅವಸರದಲ್ಲಿ ಅಷ್ಟು ಭಾರ ಎಲ್ಲಿಂದ ತರುವುದು? ಇಬ್ಬರ ಕಣ್ಣೂ ಒಟ್ಟಿಗೆ ಅಂಗಳದತ್ತ ತಿರುಗಿತು. ಅಲ್ಲಿ ಇದ್ದದ್ದು ಒಂದೇ ಸಾಮಾನು.

"ಬೇಡ ರೀ," ಅಂದಳು ಹೆಂಡತಿ.

"ಬೇರೆ ಏನಿದೆ ಹೇಳು?" ಅಂದ ಗಂಡ.

ಸಮಾಧಿ ಕಲ್ಲುಗಳು ಒಂದೊಂದಾಗಿ ಗಾಡಿ ಏರಿದವು. ಅಕ್ಷರ ಕಾಣದಂತೆ ಎಲ್ಲವನ್ನೂ ಮಗುಚಿಟ್ಟು, ಅಲುಗದಂತೆ ಹಗ್ಗ ಬಿಗಿದು, ಮೇಲೆ ಹಾಸಿಗೆ ಹಾಸಿದರು. ಗಾಡಿಯ ಗರ್ವ ಇಳಿದು ಹಿಂಭಾಗ ತಗ್ಗಿತು.

ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ಹೊತ್ತು ತಂದವರು ಗಾಡಿ ನೋಡಿ ಬೆಚ್ಚಿಬಿದ್ದರು. ಎಲ್ಲವನ್ನೂ ಮಗುಚಿದ್ದ ಅಳಿಯ, ಹಾಸಿಗೆಯಿಂದಾಚೆ ಚಾಚಿದ್ದ ಕೊನೆಯದೊಂದನ್ನು ಅವಸರದಲ್ಲಿ ಮರೆತಿದ್ದ! ಮಾವ ಕಣ್ಣು ಕಿರಿದು ಮಾಡಿಕೊಂಡು ನಿಧಾನವಾಗಿ ಓದಿದರು.

"'ಇಲ್ಲಿ ಚಿರನಿದ್ರೆಯಲ್ಲಿದ್ದಾರೆ'... ಅಳಿಯಂದ್ರೇ, ಸ್ವಲ್ಪ ಅವಸರ ಆಯ್ತಲ್ವೇ?"

"ಅಯ್ಯೋ ಮಾವ, ಅದು ಭಾರಕ್ಕೆ! ಬರೀ ಭಾರಕ್ಕೆ!" ಎಂದು ಅಳಿಯ ತನ್ನ ಅಂಗಿಯನ್ನೇ ಬಿಚ್ಚಿ ಕಲ್ಲಿನ ಮೇಲೆ ಹೊದಿಸಿದ.

ಹೆಂಡತಿ ಹಿಂದೆ ಅಪ್ಪನ ಪಕ್ಕ ಕೂತಳು, ಗಾಡಿ ಹೊರಟಿತು. ಸೈಕಲ್ಲಿನವರೆಲ್ಲ ಹಿಂದೆ ಹಾಕಿ ಹೋದರು. ಬನಿಯನ್ನಿನಲ್ಲಿದ್ದ ಅಳಿಯ ಒಂದೊಂದು ಹಳ್ಳಕ್ಕೂ ಹಲ್ಲು ಕಚ್ಚಿ ಹಿಂದಿನಿಂದ ಬರುವ ಬೈಗುಳಕ್ಕೆ ಕಾದ. ಬರಲಿಲ್ಲ. ಬೆಳಗ್ಗೆ ಒದ್ದಿದ್ದ ಅದೇ ಉಬ್ಬು ಬಂತು. ಗಾಡಿ ನಿಟ್ಟುಸಿರು ಬಿಟ್ಟಂತೆ ತಗ್ಗಿ, ಎದ್ದು ದಾಟಿತು. ಆಗಲೂ ಹಿಂದಿನಿಂದ ಉಸಿರಿಲ್ಲ. ಹಳ್ಳ ಬಂದರೂ ಉಬ್ಬು ಬಂದರೂ ಮಾವ ಸುಮ್ಮನಿರುವುದೆಂದರೆ!

ಅಳಿಯ ಗಾಡಿ ನಿಲ್ಲಿಸಿ ಹಿಂದಕ್ಕೆ ಓಡಿದ. "ಮಾವ! ಮಾವ!"

ಮಾವನ ಕಣ್ಣು ಮುಚ್ಚಿತ್ತು. ಹೆಂಡತಿ ತುಟಿಯ ಮೇಲೆ ಬೆರಳಿಟ್ಟಳು. "ಶ್! ನಿದ್ದೆ ಮಾಡ್ತಿದ್ದಾರೆ ರೀ. ನೋವಿಲ್ಲದೆ ನಿದ್ದೆ ಮಾಡಿ ಎಷ್ಟು ದಿನ ಆಗಿತ್ತೋ ಏನೋ."

ಅಳಿಯ ರಸ್ತೆಯ ಬದಿಯಲ್ಲಿ ಸ್ವಲ್ಪ ಹೊತ್ತು ಕೂತು, ಎದ್ದು, ಮತ್ತೆ ಗಾಡಿ ಹತ್ತಿದ.

ಮನೆಯಲ್ಲಿ, ಅಂಗಳ ಕಾಣುವ ಕಿಟಕಿಯ ಪಕ್ಕದ ಮಂಚದ ಮೇಲೆ ಮಲಗಿಸಿದಾಗ ಮಾವನಿಗೆ ಎಚ್ಚರವಾಯಿತು. ಮಗಳು ನಡೆದದ್ದನ್ನೆಲ್ಲ ಹೇಳಿದಳು, ಹಾರಿದ ಹೊದಿಕೆ ಸಮೇತ. ಅಳಿಯನಿಗೆ ತಡೆಯಲಾಗಲಿಲ್ಲ.

"ತಪ್ಪಾಯ್ತು ಮಾವ. ನಾಳೆನೇ ಹಳೇ ಪ್ಲೇಟು ಹಾಕಿ, ಹೊಸ ಬುಷ್ ಬಿಗಿದು ಗಾಡಿ ಸರಿ ಮಾಡ್ತೀನಿ. ಮುಂದಿನ ಸಲ ನಿಮ್ಮನ್ನ ಕರ್ಕೊಂಡು ಹೋಗುವಾಗ..."

ಅಷ್ಟಕ್ಕೇ ನಾಲಗೆ ಕಚ್ಚಿಕೊಂಡ. ಇನ್ನು ಮಾವ ಆ ಗಾಡಿಯಲ್ಲಿ ಹೋಗುವುದು ಎಲ್ಲಿಗೆಂದು ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮಾವ ಅಳಿಯನ ಕೈ ಹಿಡಿದು ಮೆಲ್ಲನೆ ತಟ್ಟಿದರು.

"ಮುಂದಿನ ಸಲಕ್ಕೆ ಇಷ್ಟೆಲ್ಲ ತಾಪತ್ರಯ ಯಾಕೆ ಅಳಿಯಂದ್ರೇ? ಆವತ್ತು ನೀವು ಹ್ಯಾಗೆ ಓಡಿಸಿದ್ರೂ ನಾನು ತುಟಿ ಪಿಟಕ್ ಅನ್ನಲ್ಲ!"

ಅಳಿಯ ಬನಿಯನ್ನಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಹೋಗಿ, ಕಲ್ಲಿನ ಚೂರುಗಳ ರಾಶಿಯಲ್ಲಿ ಹಳೆಯ ಪ್ಲೇಟುಗಳನ್ನು ಹುಡುಕತೊಡಗಿದ.