ನೇಯ್ದ ಕಾರು ದಿಲ್ಲಿಗೆ ಹೋದದ್ದು

ಬೇರೆಯವರ ಮಾತನ್ನು ಸುಲಭಕ್ಕೆ ನಂಬಬಾರದು ಎಂದು ವಿಶ್ವವಿದ್ಯಾನಿಲಯ ನನಗೆ ಕಲಿಸಿತು. ನನ್ನ ಮಾತನ್ನೇ ನಂಬಬಾರದು ಎಂದು ಮನೆಯವಳು ಕಲಿಸಿದಳು. ಹಳೆಯದೇನಾದರೂ ಹೇಳಲು ನಾನು ಬಾಯಿ ತೆರೆದರೆ ಸಾಕು, ಅಡುಗೆಮನೆಯಿಂದಲೇ "ಅದು ಹಾಗಲ್ಲ" ಅನ್ನುತ್ತಾಳೆ. ನಾನಿನ್ನೂ ಏನೂ ಹೇಳಿರುವುದಿಲ್ಲ. ಆದ್ದರಿಂದ ರಂಗಪ್ಪನ ಕಾರು ಯಾವ ಬಣ್ಣದ್ದು ಎಂದು ಯಾರಾದರೂ ಕೇಳಿದರೆ ನಾನು ಪ್ರಮಾಣ ಮಾಡಲಾರೆ. ನನ್ನ ನೆನಪಿನಲ್ಲಿ ಅದು ಅರಿಶಿನ, ಅವಳ ಪ್ರಕಾರ ಗಿಳಿಹಸಿರು. ಆದರೆ ಕಾರಂತೂ ಇತ್ತು, ಅದರ ಮೈಗೆಲ್ಲ ರೇಷ್ಮೆ ನೇಯ್ದಿತ್ತು, ಅದು ದೊಡ್ಡಬಳ್ಳಾಪುರದಿಂದ ದಿಲ್ಲಿಗೆ ಹೋಯಿತು. ಇಷ್ಟಕ್ಕೆ ನಾನು ಜವಾಬ್ದಾರ.

ಎಪ್ಪತ್ತರ ದಶಕದ ಆರಂಭ. ನಾನು ಅಲ್ಲಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಪಕ್ಕದ ಮನೆಯಲ್ಲಿ ನೇಕಾರ ರಂಗಪ್ಪ, ಅವನ ಹೆಂಡತಿ ಗೌರಮ್ಮ ಮತ್ತು ಅವರಿಬ್ಬರಿಗಿಂತ ವಯಸ್ಸಾದ ಒಂದು ಕೈಮಗ್ಗ. ಸೀರೆ ನೇಯ್ದು ನೇಯ್ದು ಬೇಸರವಾಯಿತೋ ಏನೋ, ರಂಗಪ್ಪ ದೇವನಹಳ್ಳಿ ಕಡೆಯ ಗುಜರಿಯಿಂದ ಬಾಗಿಲು, ದೀಪ, ಗಾಜು ಯಾವುದೂ ಇಲ್ಲದ ಒಂದು ಕಾರನ್ನು ಎತ್ತಿನ ಗಾಡಿಗೆ ಕಟ್ಟಿ ಎಳೆಸಿಕೊಂಡು ಬಂದ. ಅದನ್ನು ಹಿತ್ತಿಲಲ್ಲಿ ನಿಲ್ಲಿಸಿ, ಮಗ್ಗದ ಹಾಸನ್ನು, ಅಂದರೆ ಉದ್ದನೆಯ ಎಳೆಗಳನ್ನು, ಕಿಟಕಿಯಿಂದ ಹೊರಗೆ ತಂದು, ಕಾರಿನ ಮೇಲೆ ಉದ್ದಕ್ಕೆ ಬಿಗಿದು, ಅಡ್ಡಕ್ಕೆ ದಬ್ಬಳದಲ್ಲಿ ನೂಲು ಪೋಣಿಸಿ ನೇಯತೊಡಗಿದ. ಎರಡು ವರ್ಷ ನೇಯ್ದ. ಚಕ್ರದ ಮೇಲೆ ಜರಿಯ ಅಂಚು ಬಂತು, ಮೂತಿಗೆ ಸೆರಗು ಬಂತು. ಬೆಳಗಿನ ಬಿಸಿಲು ಬಿದ್ದರೆ ಅದು ಮೆಲ್ಲಗೆ ಉಸಿರಾಡುತ್ತಿದೆ ಎನ್ನಿಸುತ್ತಿತ್ತು. ಲೋಹ ಉಸಿರಾಡುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಮರುದಿನ ಬೆಳಿಗ್ಗೆ ಮತ್ತೆ ಕಾಂಪೌಂಡಿನ ಮೇಲಿಂದ ಇಣುಕುತ್ತಿದ್ದೆ.

ಮಗ್ಗದ ಎಳೆಗಳು ಬಿಟ್ಟಷ್ಟು ದೂರ, ಹಿತ್ತಿಲಲ್ಲೇ ಹಿಂದೆ ಮುಂದೆ, ಅದು ಓಡುತ್ತಲೂ ಇತ್ತು. ಡ್ರೈವರ್ ಕೂರುವ ಕಡೆ ನೇಯ್ಗೆಯಲ್ಲಿ ಅಂಗೈ ಅಗಲದ ಒಂದು ಕಂಡಿ ಬಿಟ್ಟಿದ್ದ. ಆ ಕಂಡಿಯಿಂದ ಕಂಡಷ್ಟೇ ಪ್ರಪಂಚ. ಇಂಥದಕ್ಕೆ ಸರ್ಕಾರ ನಂಬರ್ ಕೊಡುವುದುಂಟೇ? ಹೀಗಿರುವಾಗ ದಿಲ್ಲಿಯಲ್ಲಿ ಕುಶಲಕಲೆಗಳ ಒಂದು ಉತ್ಸವಕ್ಕೆ ಕರೆ ಬಂತು. ಕಾರು ರಸ್ತೆಗೆ ಇಳಿಯುವಂತಿಲ್ಲವಾದ್ದರಿಂದ ಲಾರಿ ಗೊತ್ತಾಯಿತು. ಹಿಂದಿ ಬರುತ್ತದೆಂದು ನಾನು ಸುಳ್ಳು ಹೇಳಿದ್ದರಿಂದ ನಾನೂ ಗೊತ್ತಾದೆ.

ಲಾರಿ ಬಾಗಿಲಿಗೆ ಬಂದ ದಿನ ಗೌರಮ್ಮ ಮಗ್ಗದ ಮುಂದೆ ಕೂತುಬಿಟ್ಟಳು. ಅವರ ಮನೆಯಲ್ಲಿ ಮಗ್ಗ ಒಂದು ಗಳಿಗೆಯೂ ಬರಿದಾಗುವಂತಿಲ್ಲ. ಹಳೆಯ ಹಾಸಿನ ಕೊನೆಗೆ ಹೊಸ ಹಾಸನ್ನು ಎಳೆಗೆ ಎಳೆ ಹೊಸೆದು ಸೇರಿಸಿದ ಮೇಲೆಯೇ ನೇಯ್ದದ್ದನ್ನು ಕತ್ತರಿಸುವುದು. ಅವಳ ಅತ್ತೆಯ ಅತ್ತೆಯ ಕಾಲದಿಂದ ಆ ಮಗ್ಗ ಬರಿದಾಗಿರಲಿಲ್ಲವಂತೆ. ಕಾರಿನ ಎಳೆಗಳು ಇನ್ನೂ ಮಗ್ಗದಲ್ಲೇ ಇದ್ದವು, ಹೊಸ ಹಾಸು ಬರುವುದು ನಾಳೆ. ಲಾರಿ ನಿಲ್ಲುವುದು ಇನ್ನೊಂದು ಗಂಟೆ.

"ಒಂದಿನ ಬರಿದಿದ್ರೆ ಏನಾಗುತ್ತೆ ಗೌರಿ?" ಅಂದ ರಂಗಪ್ಪ.

"ಏನಾಗುತ್ತೋ ನಂಗೊತ್ತಿಲ್ಲ. ಇಲ್ಲೀವರ್ಗೆ ಯಾರೂ ನೋಡಿಲ್ಲ. ನಾನೂ ನೋಡಲ್ಲ."

"ಕಾರು ಹೋಗ್ದೆ ಇದ್ರೆ ನನ್ನ ಎರಡು ವರ್ಷ ಹಿತ್ತಲಲ್ಲಿ ಕೊಳೆಯುತ್ತೆ ಕಣೇ!"

ಗೌರಮ್ಮ ಕಿಟಕಿಯಿಂದ ಕಾರನ್ನು ನೋಡಿದಳು. ಆಮೇಲೆ ಎದ್ದು ತಾನೇ ಕತ್ತರಿ ತಂದಳು. ಸಾವಿರಾರು ಎಳೆಗಳನ್ನು ಕತ್ತರಿಸಿ ಒಂದನ್ನು ಮಾತ್ರ ಮಗ್ಗದಲ್ಲಿ ಉಳಿಸಿದಳು. ಅದರ ತುದಿಗೆ, ಕಂಡಿಕೆ ಎಂಬ ಪುಟ್ಟ ಕೊಳವೆಗೆ ಸುತ್ತಿದ ನೂಲನ್ನು ಹೊಸೆದು, ಕಂಡಿಕೆಯನ್ನು ನನ್ನ ಕೈಗಿಟ್ಟಳು. ಜೊತೆಗೆ, ಒಂದು ಮುಗಿದಂತೆ ಇನ್ನೊಂದನ್ನು ಹೊಸೆಯಲು, ಒಂದು ಚೀಲ ತುಂಬ ಕಂಡಿಕೆ.

"ಮೇಷ್ಟ್ರೇ, ಲಾರಿ ಹಿಂದೆ ಕೂತ್ಕೊಂಡು ಬಿಡ್ತಾ ಹೋಗಿ. ಹೊಸ ಹಾಸು ಸೇರೋವರ್ಗೆ ಕಡೀಬಾರ್ದು."

"ಸೇರಿದ್ದು ನಮಗೆ ಗೊತ್ತಾಗೋದು ಹೇಗಮ್ಮ?"

ಯಾರೂ ಅದನ್ನು ಯೋಚಿಸಿರಲಿಲ್ಲ. "ಹಂಗಾದ್ರೆ ಬಿಡ್ತಾನೇ ಇರಿ," ಅಂದಳು.

ಹೀಗೆ ಒಬ್ಬ ಎಂ.ಎಸ್ಸಿ. ಪದವೀಧರ ಲಾರಿಯ ಹಿಂಬದಿಯಲ್ಲಿ, ಹೊದಿಕೆ ಹೊದ್ದ ಕಾರಿಗೆ ಬೆನ್ನು ಕೊಟ್ಟು, ಗಾಳಿಪಟ ಬಿಡುವವನ ಹಾಗೆ ನೂಲು ಬಿಡುತ್ತಾ ಊರು ದಾಟಿದ. ಎಳೆ ತಡೆಯುವುದಿಲ್ಲ ಎಂದು ನನ್ನ ಶಾಸ್ತ್ರ ಹೇಳುತ್ತಿತ್ತು. ರಸ್ತೆಯಲ್ಲಿ ಎಮ್ಮೆಗಳಿವೆ, ಬಸ್ಸುಗಳಿವೆ, ಮುಳ್ಳುಗಿಡಗಳಿವೆ. ಆದರೆ ಬೆರಳು ಬೇರೆಯೇ ಹೇಳುತ್ತಿತ್ತು. ದೇವನಹಳ್ಳಿ ದಾಟಿದಾಗಲೂ ನೂಲು ಬಿಗಿಯಾಗಿಯೇ ಇತ್ತು. ಚಿಕ್ಕಬಳ್ಳಾಪುರದ ಬಳಿ ಸಣ್ಣಗೆ ಜಗ್ಗಿತು, ದೂರದಲ್ಲಿ ಯಾರೋ ಮೆಲ್ಲಗೆ ಕರೆದ ಹಾಗೆ. ಮುಂದೆ ಕೂತಿದ್ದ ರಂಗಪ್ಪ ಹತ್ತು ಮೈಲಿಗೊಮ್ಮೆ ಕೂಗುತ್ತಿದ್ದ: "ಇದೆಯಾ ಮೇಷ್ಟ್ರೇ?"

"ಇದೆ!"

"ಜಗ್ತಾ ಇದೆಯಾ?"

"ಜಗ್ತಿದೆ ಕಣಯ್ಯಾ!"

ಗಡಿಯ ಚೆಕ್‌ಪೋಸ್ಟಿನಲ್ಲಿ ಪೇದೆಯೊಬ್ಬ ಹೊದಿಕೆ ಎತ್ತಿ ನೋಡಿದ. "ನಂಬರ್ ಪ್ಲೇಟ್ ಎಲ್ರೀ?"

"ಇದು ಗಾಡಿ ಅಲ್ಲ ಸ್ವಾಮಿ, ಬಟ್ಟೆ," ಅಂದ ರಂಗಪ್ಪ.

"ಬಟ್ಟೆಗೆ ಸ್ಟೇರಿಂಗ್ ಯಾಕಯ್ಯಾ?"

"ಉಡೋಕೆ ಬರಲ್ಲ, ಅದಕ್ಕೆ."

ಪೇದೆ ಇನ್ನೇನೋ ಕೇಳುವವನಿದ್ದ. ಅಷ್ಟರಲ್ಲಿ ಅವನ ಕೈ ರೇಷ್ಮೆಗೆ ತಗುಲಿತು. ಕೈ ತೆಗೆಯದೆ ಹಾಗೇ ನಿಂತ. ಆಮೇಲೆ ಟೋಪಿ ತೆಗೆದು ಕಂಕುಳಿಗಿಟ್ಟುಕೊಂಡು, ಬೆರಳ ತುದಿಯಿಂದ ಜರಿ ಅಂಚನ್ನು ಮೂತಿಯಿಂದ ಬಾಲದವರೆಗೆ ಸವರುತ್ತಾ ಒಂದು ಸುತ್ತು ಬಂದ. "ಹೋಗಿ ಹೋಗಿ, ಧೂಳು ಕೂರಿಸಬೇಡಿ," ಅಂದು ಗೇಟು ಎತ್ತಿದ. ದಿಲ್ಲಿಯಲ್ಲೂ ಜನ ಹಾಗೆಯೇ ಸುತ್ತಿದರು, ಮಾತಿಲ್ಲದೆ. ನನ್ನ ಹಿಂದಿ ಬೇಕಾಗಲೇ ಇಲ್ಲ.

ಅದಕ್ಕೂ ಮುಂಚೆ, ಕರ್ನೂಲು ದಾಟಿ ಸ್ವಲ್ಪ ದೂರದಲ್ಲಿ, ಚೀಲದ ಕೊನೆಯ ಕಂಡಿಕೆ ಮುಗಿಯಿತು. ರಂಗಪ್ಪ ಲಾರಿ ನಿಲ್ಲಿಸಿ ಇಳಿದ. ಎಳೆಯ ತುದಿಯನ್ನು ರಸ್ತೆ ಬದಿಯ ಬೇವಿನ ಗಿಡಕ್ಕೆ ಕಟ್ಟಿ, ದಕ್ಷಿಣಕ್ಕೆ ತಿರುಗಿ ಕೈಮುಗಿದ. ನಾನೂ ಮುಗಿದೆ. ಅತ್ತ ಮಗ್ಗ, ಇತ್ತ ಬೇವಿನ ಗಿಡ, ನಡುವೆ ಒಂದೇ ಒಂದು ಎಳೆ! ನಾನು ಕಲಿಸುತ್ತಿದ್ದ ಭೌತಶಾಸ್ತ್ರ ಬಹಳ ಚಿಕ್ಕದೆನ್ನಿಸಿತು.

ತಿಂಗಳಾದ ಮೇಲೆ ಊರಿಗೆ ಮರಳಿದಾಗ ನಾನು ಗೌರಮ್ಮನಿಗೆ ಇದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಅವಳು ಮಗ್ಗದಿಂದ ತಲೆ ಎತ್ತಲಿಲ್ಲ.

"ಆ ಎಳೇನಾ? ನಮ್ಮೂರ ರೈಲ್ವೆ ಗೇಟ್ ಹತ್ರಾನೇ ಕಡೀತಲ್ಲ ಮೇಷ್ಟ್ರೇ. ನೀವು ದಾಟಿದ್ರಿ, ಹಿಂದೇನೇ ಗೂಡ್ಸು ಬಂತು. ಕಡಿಯುತ್ತೆ ಅಂತ ಗೊತ್ತಿತ್ತು, ಅದಕ್ಕೇ ಲಾರಿ ಹಿಂದೇನೇ ನಡ್ಕೊಂಡು ಬಂದಿದ್ದೆ, ಧೂಳಲ್ಲಿ ನಿಮಗೆ ಕಾಣ್ಲಿಲ್ಲ ಅಷ್ಟೆ. ತುದಿ ಹಿಡ್ಕೊಂಡು ಮನೆಗೆ ಬಂದು ಮಗ್ಗಕ್ಕೆ ಕಟ್ಟಿದೆ. ಮಾರ್ನೆ ದಿನ ಹಾಸು ಸೇರಿಸ್ದೆ."

ಕಡಿದ ನೂಲನ್ನು ಗಾಳಿ ಎಳೆಯುತ್ತದೆ, ಪೊದೆ ಎಳೆಯುತ್ತದೆ. ಯಾವ ವಿದ್ಯಾರ್ಥಿಯಾದರೂ ಹೇಳಬಲ್ಲ. ರಂಗಪ್ಪ ನನ್ನ ಕಡೆ ತಿರುಗಿದ.

"ಮೇಷ್ಟ್ರೇ, ಜಗ್ಗಿದ್ದು ನಿಜ ತಾನೆ?"

ಜಗ್ಗಿದ್ದಂತೂ ನಿಜ. "ನಿಜ," ಅಂದೆ.

"ನೋಡ್ದ್ಯಾ ಗೌರಿ? ನೀನು ಯಾವುದೋ ಬೇರೆ ಎಳೆ ನೋಡಿದೀಯ. ಮೇಷ್ಟ್ರು ಓದಿದೋರು, ಪರೀಕ್ಷೆ ಮಾಡ್ದೆ ಏನನ್ನೂ ಒಪ್ಪೋರಲ್ಲ."

ಗೌರಮ್ಮ ನನ್ನನ್ನು ನೋಡಿದಳು. ನಾನು ಆಕೆ ಕೊಟ್ಟ ಕಾಫಿಯನ್ನು ಬಹಳ ಹೊತ್ತು ಆರಿಸಿದೆ.